ಚಾನೆಲ್ ನಡೆಸುವವರ ಕಿರ್ದಿ ಪುಸ್ತಕ

ಇವತ್ತಿನ ಮಾತನ್ನು ಒಂದು ನೋಟ್‌ಬುಕ್ಕಿನಿಂದ ಶುರು ಮಾಡುತ್ತೇನೆ. ನವಲಗುಂದ ಕಡೆಯ ಹಳ್ಳಿಯ ಅಕ್ಕ ಒಬ್ಬರು ಅಡುಗೆ ಚಾನೆಲ್ ನಡೆಸುತ್ತಾರೆ. ಅವರ ಹೆಸರು ಹೇಳುವುದಿಲ್ಲ, ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ನಮ್ಮ ಗುಂಪಿನ ಮೊದಲ ಸಭೆ ಧಾರವಾಡದಲ್ಲಿ ನಡೆದಾಗ ಅವರು ಮಗಳ ಹಳೆಯ ಶಾಲಾ ನೋಟ್‌ಬುಕ್ ತಂದಿದ್ದರು. ಹಿಂಬದಿಯಿಂದ ತಿರುವಿದರೆ ಲೆಕ್ಕ. ಎಣಗಾಯಿ ವಿಡಿಯೊ: ಬದನೆಕಾಯಿ ಎರಡು ಕಿಲೊ, ಶೇಂಗಾ, ಗುರೆಳ್ಳು, ಉಳಿದದ್ದು ಮನೆಯದು. ಅದರ ಕೆಳಗೆ, "ಒಲೆ ಎರಡು ಸಲ ಹಚ್ಚಿದೆ, ಮೊದಲ ಸಲ ಹೊಗೆಯಲ್ಲಿ ಏನೂ ಕಾಣಲಿಲ್ಲ." ಇನ್ನೂ ಕೆಳಗೆ, "ಸೊಸೆ ಮೊಬೈಲ್ ಹಿಡಿದಳು, ಮುಂಜಾನೆ ಒಂಬತ್ತರಿಂದ ಮಧ್ಯಾಹ್ನ ಎರಡೂವರೆ." ಆ ವಿಡಿಯೊದ ಉದ್ದ ಏಳು ನಿಮಿಷ.

ನಾನು ವೃತ್ತಿಯಿಂದ ವಿನ್ಯಾಸಕಿ. ಮೊಬೈಲ್ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಯಾವ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸುವುದು ನನ್ನ ಹೊಟ್ಟೆಪಾಡು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಆನ್‌ಲೈನ್‌ನಲ್ಲಿ ಅಡುಗೆ, ಹಾಡು, ಒಕ್ಕಲುತನದ ಮಾಹಿತಿ, ಹಾಸ್ಯ ಮಾಡಿ ಹಾಕುವವರು ತಮ್ಮ ದುಡಿಮೆಯ ಹಕ್ಕಿಗಾಗಿ ಗುಂಪು ಕಟ್ಟಲು ಹೊರಟಾಗ ನನ್ನನ್ನು ಕರೆದದ್ದು ಲಾಂಛನ ಮತ್ತು ಪೋಸ್ಟರ್ ಮಾಡಿಕೊಡಲು. ಆ ಪುಟಗಳನ್ನು ಓದಿದ ರಾತ್ರಿ ನನಗೆ ಲಾಂಛನದ ಕೆಲಸ ಮುಂದುವರಿಸಲು ಮನಸ್ಸಾಗಲಿಲ್ಲ. ಈ ಗುಂಪಿಗೆ ಮೊದಲು ಬೇಕಾದದ್ದು ಆ ನೋಟ್‌ಬುಕ್ಕು ಎಂದು ಖಚಿತವಾಗಿ ಅನ್ನಿಸಿತು. ಹಕ್ಕು ಕೇಳಲು ಹೋದವರನ್ನು ಎದುರಿನವರು ಮೊದಲು ಕೇಳುವುದು "ಎಷ್ಟು ದುಡಿಯುತ್ತೀರಿ, ಎಷ್ಟು ಬರುತ್ತದೆ" ಎಂದು. ಅದಕ್ಕೆ ಉತ್ತರ ನಮ್ಮ ಸಭೆಯಲ್ಲಿ ಆ ಅಕ್ಕನ ಹತ್ತಿರ ಮಾತ್ರ ಇತ್ತು.

ಆದರೂ ಪೋಸ್ಟರಿನ ಕಥೆ ಹೇಳಲೇಬೇಕು, ಏಕೆಂದರೆ ನಮ್ಮ ಮೊದಲ ಪಾಠ ಅದರಿಂದಲೇ ಬಂತು. "ಆನ್‌ಲೈನ್ ವಿಷಯ ಸೃಷ್ಟಿಕರ್ತರೇ, ಬನ್ನಿ" ಎಂದು ನಾನು ಬರೆದಿದ್ದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೊಬೈಲ್ ಅಂಗಡಿಗಳ ಮುಂದೆ ಅಂಟಿಸಿದೆವು. ಯಾರೂ ಬರಲಿಲ್ಲ. ರೀಲ್ಸ್ ಮಾಡುವ ಹುಡುಗನೊಬ್ಬ ಅದೇ ಪೋಸ್ಟರಿನ ಪಕ್ಕದಲ್ಲಿ ನಿಂತು ಫೋನ್ ರಿಪೇರಿ ಮಾಡಿಸಿಕೊಂಡು ಹೋಗಿದ್ದ. ಮುಂದೆ ಪರಿಚಯವಾದಾಗ ಹೇಳಿದ, "ಅಕ್ಕಾ, ಅದು ಯಾವುದೋ ಸಾಹಿತಿಗಳ ಸಭೆ ಎಂದುಕೊಂಡೆ." ಹಾಗಾದರೆ ಇವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ? ಕೇಳುತ್ತಾ ಹೋದೆವು. ಬಹಳ ಮಂದಿ ಹೇಳಿದ್ದು "ಚಾನೆಲ್ ನಡೆಸುತ್ತೇನೆ" ಎಂದು. ಕಿರಾಣಿ ಅಂಗಡಿ ನಡೆಸುತ್ತೇನೆ, ಖಾನಾವಳಿ ನಡೆಸುತ್ತೇನೆ ಎನ್ನುವ ಹಾಗೆ. ಆ ಕ್ರಿಯಾಪದದಲ್ಲಿ ದಿನನಿತ್ಯದ ದುಡಿಮೆ ಇದೆ, ಬಾಗಿಲು ತೆಗೆದು ಕೂತಿರಬೇಕಾದ ಅನಿವಾರ್ಯತೆ ಇದೆ. ಪೋಸ್ಟರನ್ನು "ಚಾನೆಲ್ ನಡೆಸುತ್ತೀರಾ?" ಎಂದು ಬದಲಿಸಿದ ಮೇಲೆ ಜನ ನಿಂತು ಓದಿದರು.

ಇನ್ನೊಂದು ಪದವೂ ತೊಡಕಾಯಿತು. ಅದು ಕಾರ್ಮಿಕ. ಹಾವೇರಿಯ ಒಬ್ಬ ತರುಣ ನೇರವಾಗಿ ಹೇಳಿದ, "ನಾನು ಕಾರ್ಮಿಕನಲ್ಲ, ಚಾನೆಲ್ಲಿಗೆ ನಾನೇ ಮಾಲೀಕ." ಅವನ ಮಾತಿನಲ್ಲಿ ಅಭಿಮಾನವಿದೆ, ಅದನ್ನು ಕುಗ್ಗಿಸಲು ನಾವು ಯಾರು? ಆಗ ಸಭೆಯಲ್ಲಿದ್ದ ಬೆಟಗೇರಿಯ ನೇಕಾರರ ಮನೆಯ ಹೆಣ್ಣುಮಗಳು ಎದ್ದು ನಿಂತು ಹೇಳಿದ್ದನ್ನು ನಾನು ಹಾಗೆಯೇ ಬರೆದುಕೊಂಡಿದ್ದೇನೆ: "ನಮ್ಮ ಮಗ್ಗ ನಮ್ಮದೇ. ಮಗ್ಗ ಇರುವ ಮನೆಯೂ ನಮ್ಮದೇ. ನೂಲು ಕೊಡುವವರು ಸಾಹುಕಾರರು, ಸೀರೆ ಒಯ್ಯುವವರೂ ಅವರೇ, ಒಂದು ಸೀರೆಗೆ ಎಷ್ಟು ಎಂದು ಹೇಳುವವರೂ ಅವರೇ. ನಮ್ಮ ಅಪ್ಪ ಮಾಲೀಕನೋ ಕೂಲಿಯೋ ನೀವೇ ಹೇಳಿ." ಅದಾದ ಮೇಲೆ ಆ ತರುಣ ಬಹಳ ಹೊತ್ತು ಮಾತನಾಡಲಿಲ್ಲ. ಗುಂಪು ಬಿಟ್ಟೂ ಹೋಗಲಿಲ್ಲ.

ಈಗ ದರದ ವಿಷಯಕ್ಕೆ ಬರುತ್ತೇನೆ. ಯೂಟ್ಯೂಬ್ ಜಾಹೀರಾತು ಹಣ ಹಂಚುವ ಯೋಜನೆ ಶುರು ಮಾಡಿದ್ದು 2007ರಲ್ಲಿ. ಉದ್ದನೆಯ ವಿಡಿಯೊಗಳ ಜಾಹೀರಾತು ಆದಾಯದಲ್ಲಿ ನೂರಕ್ಕೆ 55 ಚಾನೆಲ್ಲಿನವರಿಗೆ. ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳಿಗೆ 2023ರಿಂದ ಹಂಚಿಕೆ ಬಂತು, ಅಲ್ಲಿ ಪಾಲು 45. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು ಎಂಬ ನಿಯಮ ಬಂದದ್ದು 2018ರ ಆರಂಭದಲ್ಲಿ. ಅದಕ್ಕೂ ಮೊದಲು ಚಾನೆಲ್ಲಿಗೆ ಒಟ್ಟು 10,000 ವೀಕ್ಷಣೆ ಆಗಿದ್ದರೆ ಸಾಕಿತ್ತು. ಹೊಸ ಗೆರೆ ಎಳೆದಾಗ ಜಗತ್ತಿನಾದ್ಯಂತ ಸಣ್ಣ ಚಾನೆಲ್‌ಗಳು ಆದಾಯದ ಪಟ್ಟಿಯಿಂದ ಹೊರಬಿದ್ದವು. ಇನ್ನೊಂದು ಮಾತು, ಖಾತೆಯಲ್ಲಿ 100 ಡಾಲರ್ ಸೇರುವವರೆಗೆ ಹಣ ಕೈಗೆ ಬರುವುದಿಲ್ಲ. ಕನ್ನಡದ ಸಣ್ಣ ಚಾನೆಲ್ಲಿಗೆ ಆ ನೂರು ಡಾಲರ್ ಎಂಬುದು ತಿಂಗಳುಗಟ್ಟಲೆ ಕಾಯುವ ವಿಷಯ.

ಇದರಲ್ಲಿ ಶೇಕಡಾವಾರು ಗೊತ್ತು, ಆದರೆ ಯಾವುದರ ಶೇಕಡಾವಾರು? ಒಂದು ವಿಡಿಯೊಗೆ ಯಾವ ಜಾಹೀರಾತು ಬಂತು, ಅದಕ್ಕೆ ಕಂಪನಿ ಎಷ್ಟು ಕೊಟ್ಟಿತು, ಹೋದ ತಿಂಗಳು ಓಡಿದ ವಿಡಿಯೊ ಈ ತಿಂಗಳು ಏಕೆ ನಿಂತಿತು, ಇದನ್ನು ನಮ್ಮ ಅಕ್ಕ ಯಾರನ್ನು ಕೇಳಬೇಕು? ನಿಮ್ಮಲ್ಲಿ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ದವರು ಇರಬಹುದು. ರೈತ ಚೀಲ ಇಳಿಸುತ್ತಾನೆ, ಟೆಂಡರ್ ಆಗುತ್ತದೆ, ತೂಕ ಆಗುತ್ತದೆ, ಹಮಾಲಿ ಎಷ್ಟು, ದಲಾಲಿ ಅಂಗಡಿಯ ಕಡಿತ ಎಷ್ಟು ಎಂದು ಬರೆದ ಚೀಟಿ ಕೈಗೆ ಬರುತ್ತದೆ. ಆ ಪೇಟೆಯಲ್ಲಿ ಎಲ್ಲವೂ ನ್ಯಾಯವಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚಿದರು. ಬೆಂಕಿಯನ್ನು ಸಮರ್ಥಿಸಲಾರೆ. ಆದರೆ ಯೋಚಿಸಿ ನೋಡಿ, ಅಲ್ಲಿ ರೈತರು ಹೋಗಿ ನಿಲ್ಲಲು ಒಂದು ಕಚೇರಿ ಇತ್ತು, ಚೀಟಿ ತೋರಿಸಿ ಕೇಳಲು ಎದುರಿಗೆ ಮನುಷ್ಯರಿದ್ದರು.

ಧಾರವಾಡದವರಿಗೆ ಇನ್ನೊಂದು ನೆನಪು ಇರಬೇಕು. ಇಲ್ಲಿ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನಮ್ಮ ಓಣಿಯಲ್ಲಿದ್ದ ತಬಲಾ ವಾದಕರೊಬ್ಬರನ್ನು ನಾವು ಕಾಕಾ ಎನ್ನುತ್ತಿದ್ದೆವು. ಅವರಿಗೆ ನಿಲಯದಿಂದ ಅಂಚೆಯಲ್ಲಿ ಕರಾರು ಪತ್ರ ಬರುತ್ತಿತ್ತು. ಯಾವ ದಿನ, ಎಷ್ಟು ಹೊತ್ತು, ಎಷ್ಟು ಸಂಭಾವನೆ. ಕಲಾವಿದರಿಗೆ ಧ್ವನಿ ಪರೀಕ್ಷೆ ಇತ್ತು, ಶ್ರೇಣಿ ಇತ್ತು, ಶ್ರೇಣಿಗೆ ತಕ್ಕ ಹಣ ಇತ್ತು. ಶ್ರೇಣಿ ಕಡಿಮೆ ಕೊಟ್ಟರು ಎಂದು ಕಾಕಾ ಜೀವನವಿಡೀ ಗೊಣಗಿದರು. ಆದರೆ ಗೊಣಗಲು ಅವರ ಕೈಯಲ್ಲಿ ಒಂದು ಕಾಗದ ಇತ್ತಲ್ಲ! ಈ ಮಾತು ವಿಷಯದಿಂದ ಸ್ವಲ್ಪ ಹೊರಗಿನದು, ಆದರೂ ಕಾಕಾ ಆ ಪತ್ರಗಳನ್ನು ಟ್ರಂಕಿನಲ್ಲಿ ಮಡಿಸಿಟ್ಟಿದ್ದ ರೀತಿ ನನಗೆ ಈ ಕೆಲಸದುದ್ದಕ್ಕೂ ಕಣ್ಣ ಮುಂದೆ ಬರುತ್ತಿತ್ತು.

ಅಂತಹ ಒಂದು ಕಾಗದವನ್ನು ನಾವೇ ಮಾಡಬೇಕು ಎಂದು ನಿರ್ಧರಿಸಿದೆವು. ನನ್ನ ಮೊದಲ ಪ್ರಯತ್ನ ಮೊಬೈಲಿನಲ್ಲಿ ತುಂಬುವ ಅರ್ಜಿ. ಚೆನ್ನಾಗಿಯೇ ಇತ್ತು, ಬಣ್ಣ ಇತ್ತು, ಒತ್ತಿದರೆ ತೆರೆಯುವ ಪಟ್ಟಿಗಳಿದ್ದವು. ಎರಡು ವಾರಗಳಲ್ಲಿ ಅದು ಸತ್ತುಹೋಯಿತು. ಕಾರಣ ಹುಡುಕಲು ಮನೆಗಳಿಗೆ ಹೋಗಿ ಕೂತಾಗ ತಿಳಿಯಿತು: ಮೊಬೈಲೇ ಕ್ಯಾಮೆರಾ, ಮೊಬೈಲೇ ಎಡಿಟಿಂಗ್ ಯಂತ್ರ. ದುಡಿಯುತ್ತಿರುವ ಹೊತ್ತಿನಲ್ಲಿ ಅದು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತಿರುತ್ತದೆ. ಅದರಲ್ಲಿ ಲೆಕ್ಕ ಬರೆಯುವುದು ಯಾವಾಗ? ಕಾಗದಕ್ಕೆ ಮರಳಿದೆವು. ಕಿರಾಣಿ ಅಂಗಡಿಯ ಕಿರ್ದಿ ಪುಸ್ತಕ ನಿಮಗೆ ಗೊತ್ತಲ್ಲ, ಉದ್ದನೆಯದು, ಕೆಂಪು ಬಟ್ಟೆಯ ರಟ್ಟು. ಅದೇ ಅಳತೆ ಇಟ್ಟುಕೊಂಡು ಗದಗಿನ ಮುದ್ರಣಾಲಯವೊಂದರಲ್ಲಿ ಸ್ವಲ್ಪ ಪ್ರತಿ ಹಾಕಿಸಿದೆವು. ಒಲೆಯ ಪಕ್ಕ ಇಟ್ಟರೂ ತೆರೆದುಕೊಂಡು ನಿಲ್ಲುವ ಹೊಲಿಗೆ, ಪೆನ್ಸಿಲಿಗೆ ಒಂದು ದಾರ. ಅಂಕಣಗಳು ತಯಾರಿ, ಚಿತ್ರೀಕರಣ, ಎಡಿಟಿಂಗ್, ಸಾಮಾನಿನ ಖರ್ಚು, ಬಂದ ಹಣ.

ಒಂದು ತಿಂಗಳ ನಂತರ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕೂತಾಗ ಅಂಕಣಗಳಿಗಿಂತ ಅಂಚಿನಲ್ಲಿ ಬರೆದದ್ದೇ ಹೆಚ್ಚಿತ್ತು. ಹಬ್ಬದ ಕೆಲಸ ಅದರಲ್ಲೊಂದು. ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚೆಲ್ಲುವ ಚರಗದ ಅಡುಗೆ ತೋರಿಸಬೇಕಾದರೆ ಹುಣ್ಣಿಮೆಗೆ ಹತ್ತು ದಿನ ಮುಂಚೆ ಆ ಅಡುಗೆಯನ್ನೆಲ್ಲ ಮಾಡಿ ಮುಗಿಸಿರಬೇಕು, ಆಮೇಲೆ ಹಬ್ಬದ ದಿನ ಮನೆಯವರಿಗಾಗಿ ಮತ್ತೆ ಮಾಡಬೇಕು. ಹಬ್ಬ ಒಂದು, ಅಡುಗೆ ಎರಡು. ನಾವು ಸಂದರ್ಶನಕ್ಕೆ ಫೋನ್ ಮಾಡಿದ್ದು ಸರಿಯಾಗಿ ಆ ಹತ್ತು ದಿನಗಳಲ್ಲಿ, ಯಾರೂ ಎತ್ತಲಿಲ್ಲ. ಆಮೇಲೆ ನಾವು ಕೇಳುವ ಸಮಯವನ್ನು ಅವರ ಮೇಲೆ ಬಿಟ್ಟೆವು. ರಾತ್ರಿ ಹನ್ನೊಂದರ ಮೇಲೆ ಧ್ವನಿ ಸಂದೇಶಗಳು ಬರತೊಡಗಿದವು, ಹಿನ್ನೆಲೆಯಲ್ಲಿ ಪಾತ್ರೆ ತೊಳೆಯುವ ಸದ್ದಿನೊಂದಿಗೆ.

ಅಂಚಿನಲ್ಲಿದ್ದ ಇನ್ನೊಂದು ಸಾಲು ನನ್ನನ್ನು ನಿದ್ದೆಗೆಡಿಸಿತು. ಹುಬ್ಬಳ್ಳಿಯ ಕಾಲೇಜು ಹುಡುಗಿಯೊಬ್ಬಳು ಬರೆದಿದ್ದಳು: "ಕೆಟ್ಟ ಕಮೆಂಟ್ ಅಳಿಸಿದೆ, 50 ನಿಮಿಷ." ಮರುದಿನ "35 ನಿಮಿಷ." ಮರುದಿನ ಮತ್ತೆ. ಬೆಳಗಾಗುವಷ್ಟರಲ್ಲಿ ಅಪ್ಪನ ಕಣ್ಣಿಗೆ ಬೀಳಬಾರದು ಎಂದು ಅವಳು ಹೊದಿಕೆಯೊಳಗೆ ಕೂತು ಅವನ್ನು ಒಂದೊಂದಾಗಿ ಓದಿ ಅಳಿಸುತ್ತಿದ್ದಳು. ಇದು ದುಡಿಮೆ. ಯೂಟ್ಯೂಬ್‌ನಂತಹ ವೇದಿಕೆಯನ್ನು ಸ್ವಚ್ಛವಾಗಿಡುವ ದುಡಿಮೆ, ಸಂಬಳವಿಲ್ಲದ್ದು, ಹೆಣ್ಣುಮಕ್ಕಳ ಪಾಲಿಗೇ ಹೆಚ್ಚು ಬರುವಂಥದ್ದು. ನಮ್ಮ ಗುಂಪಿನಲ್ಲೂ ಈ ವಿಷಯದಲ್ಲಿ ಒಂದು ತಪ್ಪಾಯಿತು. ಮೊದಲ ಕರಪತ್ರದಲ್ಲಿ ಒಬ್ಬ ತಂಗಿಯ ಮುಖ ಹಾಕಿದ್ದೆವು. ಒಪ್ಪಿಗೆ ಕೇಳಿದ್ದೆವು, ಅವಳು ಹೂಂ ಎಂದಿದ್ದಳು. ಆ ಚಿತ್ರ ಎಲ್ಲಿಗೆಲ್ಲ ಹೋಗಬಹುದು ಎಂದು ಕೂತು ವಿವರಿಸಿರಲಿಲ್ಲ. ಅವಳ ಕಮೆಂಟು ಪೆಟ್ಟಿಗೆ ತುಂಬಿಹೋಯಿತು. ಕರಪತ್ರ ಹಿಂತೆಗೆದುಕೊಂಡೆವು, ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅಂದಿನಿಂದ ನಮ್ಮ ಬರಹದಲ್ಲಿ ಹೆಸರಿಲ್ಲ, ಮುಖವಿಲ್ಲ, ಚಾನೆಲ್ಲಿನ ಗುರುತಿಲ್ಲ. ಪುಸ್ತಕ ಬರೆದವರದ್ದೇ. ನಾವು ಅವರ ಎದುರಿಗೆ ಕೂತು ಓದಿ, ಬೇಕಾದ ಅಂಕಿ ಬರೆದುಕೊಂಡು, ಬರೆದುಕೊಂಡದ್ದನ್ನು ಅವರಿಗೆ ಓದಿ ತೋರಿಸಿ ಬರುತ್ತೇವೆ.

ಹಾಡಿನವರ ಸಮಸ್ಯೆ ಬೇರೆಯೇ ತರಹದ್ದು, ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. ಉತ್ತರ ಕರ್ನಾಟಕದ ಜಾನಪದ ಶೈಲಿಯ ಹಾಡುಗಳು ಹೇಗೆ ಓಡುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ, ಟ್ರ್ಯಾಕ್ಟರ್‌ನಿಂದ ಹಿಡಿದು ಜಾತ್ರೆಯವರೆಗೆ ಕೇಳಿರುತ್ತೀರಿ. ಹಾಡು ಕಟ್ಟಿದವನು ಸ್ಟುಡಿಯೊಗೆ ಹೋಗುತ್ತಾನೆ, ಒಂದಿಷ್ಟು ಹಣ ಕೈಗೆ ಬರುತ್ತದೆ, ಇಂಗ್ಲಿಷಿನಲ್ಲಿರುವ ಕಾಗದಕ್ಕೆ ಸಹಿ ಬೀಳುತ್ತದೆ. ಮುಂದೊಂದು ದಿನ ತನ್ನದೇ ಚಾನೆಲ್ಲಿನಲ್ಲಿ ತನ್ನದೇ ಹಾಡು ಹಾಕಿದಾಗ "ಇದು ನಮ್ಮ ಹಾಡು" ಎಂಬ ಆಡಿಯೊ ಕಂಪನಿಯ ಹಕ್ಕುಸಾಧನೆ (ಕ್ಲೇಮ್) ಬಂದು ಆದಾಯ ಅತ್ತ ತಿರುಗುತ್ತದೆ. ಗದಗ ಜಿಲ್ಲೆಯ ಗಾಯಕರೊಬ್ಬರು ಇನ್ನೂ ವಿಚಿತ್ರ ಸಂಗತಿ ಹೇಳಿದರು. ಅವರು ಹಾಡಿದ್ದು ಅಜ್ಜಿಯಿಂದ ಕಲಿತ ಬೀಸುವ ಪದ. ಅದೇ ಧಾಟಿಯನ್ನು ಬೇರೊಬ್ಬರು ಎಂದೋ ಧ್ವನಿಮುದ್ರಿಸಿದ್ದರು. ಯಂತ್ರ ಎರಡನ್ನೂ ಹೋಲಿಸಿ ಇವರದನ್ನು ನಕಲು ಎಂದಿತು. ಬೀಸುವ ಪದಕ್ಕೆ ಒಡೆಯರಿಲ್ಲ. ಒಂದು ಧ್ವನಿಮುದ್ರಣಕ್ಕೆ ಒಡೆಯರಿರಬಹುದು, ಆ ಜನಪದ ಧಾಟಿಗೆ ಇರಲಾರರು. ಈ ವ್ಯತ್ಯಾಸ ಯಂತ್ರಕ್ಕೆ ತಿಳಿಯದು, ಅದನ್ನು ಬರೆದು ತಿಳಿಸಲು ಗಾಯಕರಿಗೆ ಬಾರದು.

ಇಲ್ಲಿ ಕಾನೂನು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ನಮ್ಮ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಕ್ಕು ಬರೆದುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಹಾಡು ಬರೆದವರಿಗೂ ರಾಗ ಹಾಕಿದವರಿಗೂ ರಾಯಧನದ ಸಮಪಾಲಿನ ಹಕ್ಕನ್ನು ಗಟ್ಟಿಗೊಳಿಸಿತು. ಇದನ್ನು ಗಾಯಕರಿಗೆ ಹೇಳಿದಾಗ ಒಬ್ಬರು ಮನೆಗೆ ಹೋಗಿ ಹಳೆಯ ಕರಾರು ತಂದರು. ಅದರಲ್ಲಿ ವರ್ಷದ ಜಾಗ ಖಾಲಿ ಇತ್ತು, ಸಹಿ ಹಾಕಿ ಆರು ವರ್ಷ ದಾಟಿತ್ತು. ಈಗ ಆ ಕಾಗದ ವಕೀಲರ ಹತ್ತಿರ ಇದೆ.

ಅವರಿಗಾಗಿ ನಾನು ಮಾಡಿದ ವಿನ್ಯಾಸ ಜೇಬಿನಲ್ಲಿ ಇಡುವ ಒಂದು ಕಾರ್ಡು. ಒಂದು ಬದಿಯಲ್ಲಿ ಹಕ್ಕುಸಾಧನೆ: ವಿಡಿಯೊ ಉಳಿಯುತ್ತದೆ, ಹಣ ಬೇರೆಯವರಿಗೆ ಹೋಗಬಹುದು, ನೀವು ಆಕ್ಷೇಪ ಸಲ್ಲಿಸಿದರೆ ಎದುರಿನವರಿಗೆ ಉತ್ತರ ಕೊಡಲು 30 ದಿನ. ಇನ್ನೊಂದು ಬದಿಯಲ್ಲಿ ಸ್ಟ್ರೈಕ್, ಅಂದರೆ ಕೃತಿಸ್ವಾಮ್ಯ ಮುರಿದಿರಿ ಎಂಬ ಎಚ್ಚರಿಕೆ: ವಿಡಿಯೊ ಹೋಗುತ್ತದೆ, 90 ದಿನಗಳೊಳಗೆ ಮೂರು ಬಂದರೆ ಚಾನೆಲ್ಲೇ ಹೋಗುತ್ತದೆ. ಇವೆರಡನ್ನೂ ಒಂದೇ ಎಂದು ತಿಳಿದು ಹೆದರಿ ತಮ್ಮ ವಿಡಿಯೊಗಳನ್ನು ತಾವೇ ಅಳಿಸಿಕೊಂಡವರನ್ನು ನಾನು ಕಂಡಿದ್ದೇನೆ. ವರ್ಷಗಳ ದುಡಿಮೆಯನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಡುತ್ತಾರೆ. ಅದನ್ನು ತಡೆಯಲು ಎರಡು ಬದಿಯ ಒಂದು ಕಾರ್ಡು ಸಾಕಾಗುತ್ತದೆ ಎಂಬುದು ನನಗೆ ಸಂಕಟವನ್ನೂ ಕೊಡುತ್ತದೆ, ಕೆಲಸ ಮಾಡುವ ಹುರುಪನ್ನೂ ಕೊಡುತ್ತದೆ.

ಪ್ರಚಾರದ ವಿಡಿಯೊಗಳ ಬಗ್ಗೆ ಒಂದೇ ಮಾತು. ಹಣದ ಬದಲು ಮಿಕ್ಸರ್, ಸೀರೆ, ಮೊಬೈಲ್ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು ನಮ್ಮ ಕಡೆ ಬಹಳ. 2022ರ ಜುಲೈ 1ರಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಅಂತಹ ಲಾಭಕ್ಕೆ ಶೇ 10ರಷ್ಟು ತೆರಿಗೆ ಕಡಿತದ ನಿಯಮ ಬಂದಿದೆ. ತೆರಿಗೆಯ ಕಣ್ಣಿಗೆ ಅದು ಆದಾಯ ಎಂದಾದರೆ ದುಡಿಮೆಯ ಕಣ್ಣಿಗೂ ಕೂಲಿಯೇ. ಕಿರ್ದಿಯಲ್ಲಿ ಅದನ್ನು ಬೆಲೆ ಸಮೇತ ಬರೆಯಿರಿ.

ಹೊರಗಿನವರು ಏನು ಮಾಡಿದ್ದಾರೆ ಎಂದೂ ನೋಡಿದೆವು. ಜರ್ಮನಿಯಲ್ಲಿ ಕವಣೆಗಳನ್ನು ಮಾಡಿ ತೋರಿಸುವ ಯೋರ್ಗ್ ಶ್ಪ್ರಾವೆ 2018ರಲ್ಲಿ ಯೂಟ್ಯೂಬರ್‌ಗಳ ಸಂಘ ಕಟ್ಟಿದರು. ಮರುವರ್ಷ ಅಲ್ಲಿನ ದೊಡ್ಡ ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್ ಅವರ ಜೊತೆ ನಿಂತಿತು. ಕಾರು ಕಾರ್ಖಾನೆಯ ಕಾರ್ಮಿಕರ ಸಂಘಕ್ಕೆ ಕವಣೆಯ ವಿಡಿಯೊ ಮಾಡುವವನೂ ದುಡಿಯುವವನಾಗಿ ಕಂಡ ಎಂಬುದು ನನಗೆ ದೊಡ್ಡ ಸಂಗತಿ. ಅವರ ಬೇಡಿಕೆಗಳೂ ನಮ್ಮವೇ ಅನ್ನಿಸುತ್ತವೆ: ಅಳತೆಗೋಲು ಏನೆಂದು ತೋರಿಸಿ, ತೀರ್ಮಾನಕ್ಕೆ ಕಾರಣ ಹೇಳಿ, ಮಾತನಾಡಲು ಒಬ್ಬ ಮನುಷ್ಯನನ್ನು ಕೊಡಿ. ಅಮೆರಿಕದಲ್ಲಿ ಯೂಟ್ಯೂಬರ್ ಹ್ಯಾಂಕ್ ಗ್ರೀನ್ 2016ರಲ್ಲಿ ಆರಂಭಿಸಿದ ಇಂಟರ್‌ನೆಟ್ ಕ್ರಿಯೇಟರ್ಸ್ ಗಿಲ್ಡ್ ಎಂಬ ಸಂಘ 2019ರಲ್ಲಿ ಮುಚ್ಚಿತು. ಆ ಮುಚ್ಚಿದ ಕಥೆಯೂ ನಮ್ಮ ಸಭೆಯಲ್ಲಿ ಓದಿಸಿದೆ. ಸಂಘ ಕಟ್ಟುವುದು ಸುಲಭ, ಮೂರನೇ ವರ್ಷಕ್ಕೆ ಒಯ್ಯುವುದು ಕಷ್ಟ ಎಂದು ಎಲ್ಲರಿಗೂ ಗೊತ್ತಿರಲಿ ಎಂದು. ನಮ್ಮ ಮಣ್ಣಿನಲ್ಲಿ ಉಳಿದು ಬೆಳೆದ ಮಾದರಿಯೂ ಇದೆ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ, ಅದರ ಬೆನ್ನೆಲುಬು ಲೆಕ್ಕದ ಪುಸ್ತಕವೇ ಆಗಿದ್ದಿರಬೇಕು.

2020ರ ಜೂನ್ 29ರ ರಾತ್ರಿಯನ್ನೂ ನೆನೆಯಬೇಕು. ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳು ನಿಷೇಧವಾದವು. ನಿಷೇಧ ಸರಿಯೋ ತಪ್ಪೋ ಎಂಬುದು ಇವತ್ತಿನ ಚರ್ಚೆಯಲ್ಲ. ಹಾವೇರಿ ಕಡೆಯ ಒಬ್ಬ ಕಲಾವಿದ ಹೇಳಿದ, "ಲಕ್ಷ ಜನ ನನ್ನನ್ನು ನೋಡುತ್ತಿದ್ದರು, ಮುಂಜಾನೆ ಏಳುವಷ್ಟರಲ್ಲಿ ಅವರಲ್ಲಿ ಒಬ್ಬರ ವಿಳಾಸವೂ ನನ್ನ ಹತ್ತಿರ ಇರಲಿಲ್ಲ." ಅಂಗಡಿ ಸುಟ್ಟರೆ ಉದ್ರಿ ಪುಸ್ತಕವಾದರೂ ಉಳಿಯಬಹುದು, ಅವನಿಗೆ ಅದೂ ಇರಲಿಲ್ಲ. ಹಾಗಾಗಿ ಕಿರ್ದಿಯ ಕೊನೆಯ ಪುಟಗಳನ್ನು ಖಾಯಂ ನೋಡುಗರ, ಗಿರಾಕಿಗಳ ಸಂಪರ್ಕ ಬರೆದಿಟ್ಟುಕೊಳ್ಳಲು ಬಿಟ್ಟಿದ್ದೇವೆ, ಅವರ ಒಪ್ಪಿಗೆ ಕೇಳಿಯೇ ಬರೆಯಬೇಕು.

ಕೊನೆಗೆ ಕಾಯ್ದೆ. ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ಕರ್ನಾಟಕ 2025ರಲ್ಲಿ ತಂದಿತು. ಆಗ ಕಾರ್ಮಿಕ ಸಚಿವರಾಗಿದ್ದವರು ನಮ್ಮದೇ ಜಿಲ್ಲೆಯ ಕಲಘಟಗಿಯ ಶಾಸಕ ಸಂತೋಷ್ ಲಾಡ್. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ವೇದಿಕೆಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಲ್ಯಾಣ ಮಂಡಳಿ, ನೋಂದಣಿ, ಯಂತ್ರ ತೆಗೆದುಕೊಳ್ಳುವ ತೀರ್ಮಾನಗಳಲ್ಲಿ ಪಾರದರ್ಶಕತೆ ಎಲ್ಲವೂ ಅದರಲ್ಲಿವೆ. ಊಟ ತಲುಪಿಸುವವರು, ಆಟೊ ಕಾರು ಓಡಿಸುವವರ ಕಾಯ್ದೆ ಎಂದೇ ಎಲ್ಲರೂ ತಿಳಿದಿದ್ದಾರೆ. ಅದರ ಅನುಸೂಚಿ ತೆರೆದು ನೋಡಿ. ಸೇವೆಗಳ ಪಟ್ಟಿಯಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳು ಎಂಬ ಸಾಲು ಇದೆ. ಅದನ್ನು ಮೊದಲ ಸಲ ಓದಿದಾಗ ನಾನು ಎದ್ದು ನಿಂತಿದ್ದೆ.

ಆದರೆ ಕಾಯ್ದೆಯ ವ್ಯಾಖ್ಯೆ ವೇದಿಕೆಯ ಮೂಲಕ ಕೆಲಸ ಪಡೆದು, ನಿಗದಿಯಾದ ದರದಲ್ಲಿ ಹಣ ಪಡೆಯುವವರ ಬಗ್ಗೆ ಮಾತನಾಡುತ್ತದೆ. ನವಲಗುಂದದ ಅಕ್ಕನಿಗೆ ಎಣಗಾಯಿ ಮಾಡು ಎಂದು ಯಾರೂ ಹೇಳಿಲ್ಲ, ದರ ನಿಗದಿಯಾದದ್ದೂ ಅವಳಿಗೆ ಗೊತ್ತಿಲ್ಲ. ಅವಳು ಆ ಸಾಲಿನ ಒಳಗೋ ಹೊರಗೋ? ಒಳಗೆ ಎಂದು ವಾದಿಸಲು ನಮಗೆ ಭಾಷಣ ಸಾಲದು. ಎಷ್ಟು ಗಂಟೆ, ಯಾರ ನಿಯಮಕ್ಕೆ ತಕ್ಕಂತೆ, ನಿಯಮ ಬದಲಾದ ತಿಂಗಳು ಆದಾಯ ಎಷ್ಟು ಇಳಿಯಿತು ಎಂಬುದನ್ನು ಅವರದೇ ಕೈಬರಹದಲ್ಲಿ ಮಂಡಳಿಯ ಮುಂದೆ ಇಡಬೇಕು. ಅದಕ್ಕಾಗಿ ಕಿರ್ದಿಗಳಿಂದ ಅಂಕಿ ತೆಗೆದು, ಹೆಸರುಗಳನ್ನು ಬಿಟ್ಟು, ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ.

ಪುಸ್ತಕದ ಎರಡನೇ ಮುದ್ರಣ ಬಂದಿದೆ, ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ. ಈ ಸಲ ಎರಡು ಅಂಕಣ ಹೆಚ್ಚಿವೆ. ಒಂದು ಕಮೆಂಟ್ ಅಳಿಸಿದ ಸಮಯ. ಇನ್ನೊಂದು "ಜೊತೆಗೆ ದುಡಿದವರು", ಇದನ್ನು ಸೇರಿಸಿ ಎಂದು ಕೇಳಿದ್ದು ನವಲಗುಂದದ ಅಕ್ಕನೇ, ಆ ಸೊಸೆಯ ಅತ್ತೆ. ಐದೂವರೆ ಗಂಟೆ ಮೊಬೈಲ್ ಹಿಡಿದ ಸೊಸೆಯ ಹೆಸರು ಚಾನೆಲ್ಲಿನಲ್ಲಿ ಇಲ್ಲ, ಬ್ಯಾಂಕ್ ಖಾತೆ ಮಗನ ಹೆಸರಿನಲ್ಲಿದೆ. ಹೋದ ತಿಂಗಳು ಆ ಮನೆಗೆ ಹೋದಾಗ ಸೊಸೆ ನನ್ನನ್ನು ಒಳಗೆ ಕರೆದು ಕೇಳಿದಳು, "ಅಕ್ಕಾ, ಪುಸ್ತಕದಲ್ಲಿ ನನ್ನ ಹೆಸರು ಬಂತು. ಖಾತೆಯಲ್ಲಿ ಬರಿಸಲು ಯಾವ ಕಾಗದ ಬೇಕು?" ಅದಕ್ಕೆ ಬೇಕಾದ ಕಾಗದಗಳ ಪಟ್ಟಿಯನ್ನು ಈಗ ಬರೆಯುತ್ತಿದ್ದೇನೆ.